ಸತ್ತವರ ಗುರುತು, ಬದುಕಿದವರ ಒಪ್ಪಂದ: ‘ನಾಯಿ ನೆರಳು’ ಮತ್ತು ಕನ್ನಡದ ಸಣ್ಣ ಬಂಡವಾಳದ ಚಿತ್ರಗಳಲ್ಲಿ ಶೋಕದ ಗೀಳು

ಆಪ್ತರ ಸಾವನ್ನು ಆಕಸ್ಮಿಕವೆಂದು ಒಪ್ಪಲಾರದೆ, ಅದರ ಹಿಂದೊಂದು ಗುಟ್ಟಿದೆಯೆಂದು ನಂಬಿ, ಕಂಡದ್ದು ಕೇಳಿದ್ದನ್ನೆಲ್ಲ ಆ ಗುಟ್ಟಿಗೆ ಪುರಾವೆಯಾಗಿ ಪೋಣಿಸುತ್ತ ಹೋಗುವ ಮನುಷ್ಯ ಸಣ್ಣ ಬಂಡವಾಳದ ಸ್ವತಂತ್ರ ಚಿತ್ರಗಳಲ್ಲಿ ಮತ್ತೆಮತ್ತೆ ಬರುತ್ತಾನೆ. ಪಶ್ಚಿಮದ ಚಿತ್ರಗಳು ಅವನನ್ನು ಒಂಟಿಯಾಗಿ ಕಾಣಿಸುವುದೇ ಹೆಚ್ಚು. ಗೆಳೆಯರು ದೂರವಾಗುತ್ತಾರೆ, ಮನೆ ಮುರಿಯುತ್ತದೆ, ಒಂದು ಕೋಣೆಯೊಳಗೆ ಅವನೂ ಅವನ ಅನುಮಾನವೂ ಉಳಿಯುತ್ತವೆ. ಗೀಳು ಅವನ ತಲೆಯೊಳಗಿನದು. ಲೋಕ ಹೊರಗೆ ನಿಂತು ಮರುಗುತ್ತದೆ. ಕನ್ನಡದ ಚಿತ್ರಗಳನ್ನು ಇದೇ ಅಚ್ಚಿನಲ್ಲಿಟ್ಟು ನೋಡಿದರೆ ಅವುಗಳ ಮುಖ್ಯ ಒಳನೋಟವೇ ಕೈತಪ್ಪುತ್ತದೆ. ಶೋಕದ ಗೀಳನ್ನು ನಮ್ಮ ಚಿತ್ರಗಳು ಬದುಕುಳಿದವರು ತಮ್ಮತಮ್ಮ ಅಗತ್ಯಗಳಿಗಾಗಿ ಮಾಡಿಕೊಂಡ ಒಪ್ಪಂದವೆಂದು ಕಂಡಿವೆ, ಮತ್ತು ಆ ಕಾರಣಕ್ಕೇ ಪುರಾವೆಯ ಬಲದಿಂದ ಅದನ್ನು ಮುರಿಯಲಾಗದೆಂದು ತೋರಿಸಿವೆ ಎಂಬುದು ಈ ಲೇಖನದ ವಾದ.

ಗಿರೀಶ ಕಾಸರವಳ್ಳಿಯವರ ‘ನಾಯಿ ನೆರಳು’ (2006) ಇದಕ್ಕೆ ಮುಖ್ಯ ಆಧಾರ. ಎಸ್.ಎಲ್. ಭೈರಪ್ಪನವರ 1968ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ, ದೂರದ ಊರಿನ ವಿಶ್ವನೆಂಬ ತರುಣ ತಾನು ಅಚ್ಚಣ್ಣಯ್ಯನವರ ಸತ್ತ ಮಗನೇ ಎನ್ನುತ್ತಿರುವ ಸುದ್ದಿ ಅವರ ಮನೆಗೆ ಮುಟ್ಟುತ್ತದೆ. ವೇದ ಬಲ್ಲ ಅಚ್ಚಣ್ಣಯ್ಯ ಅಳುಕುತ್ತಾರೆ. ಹೆಂಡತಿ ನಾಗಲಕ್ಷ್ಮಿಯ ತಾಯಿಕರುಳು ಅಳುಕುವುದಿಲ್ಲ. ವಿಶ್ವ ಮನೆ ಸೇರುತ್ತಾನೆ. ಅತ್ತೆಗೆ ಮಗ ಬಂದನೆಂದ ಮೇಲೆ ಸೊಸೆಗೆ ಗಂಡ ಬಂದಂತೆಯೇ. ವರ್ಷಗಟ್ಟಲೆ ವೈಧವ್ಯದಲ್ಲಿ ಕಳೆದ ವೆಂಕಟಲಕ್ಷ್ಮಿ ತನಗಿಂತ ಬಹಳ ಚಿಕ್ಕವನಾದ ಅವನನ್ನು ಮೊದಲು ಒಪ್ಪುವುದಿಲ್ಲ, ಆಮೇಲೆ ಒಪ್ಪುತ್ತಾಳೆ. ಪೇಟೆಯಲ್ಲಿ ಓದುತ್ತಿರುವ ಮಗಳು ರಾಜಲಕ್ಷ್ಮಿಗೆ ಇದು ಅಮ್ಮನ ಬಾಳನ್ನು ಹಾಳುಮಾಡುವ ಮೋಸವಾಗಿಯೇ ಕಾಣುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಹೇಳಿಕೆ ಒಂದೇ ಆದರೂ ಅದನ್ನು ಹಿಡಿದುಕೊಂಡವರ ಕಾರಣಗಳು ಬೇರೆಬೇರೆ. ತಾಯಿಗೆ ಮಗ ಬೇಕು. ತಂದೆಗೆ ಹೆಂಡತಿಯ ಅಳು ನಿಲ್ಲಬೇಕು, ತಾನು ನಂಬಿದ ಶಾಸ್ತ್ರವೂ ಸುಳ್ಳಾಗಬಾರದು. ಸೊಸೆಗೆ ಲೋಕ ಕಿತ್ತುಕೊಂಡ ಬಾಳು ಬೇಕು. ಆ ಬಾಳಿಗೆ ಧರ್ಮದ ಒಪ್ಪಿಗೆ ಸಿಗುವ ಬಾಗಿಲು ಇದೊಂದೇ. ಯಾರೂ ಸುಳ್ಳು ಹೇಳಬೇಕಿಲ್ಲ. ಒಬ್ಬರ ನಂಬಿಕೆ ಇನ್ನೊಬ್ಬರ ನಂಬಿಕೆಗೆ ಊರುಗೋಲಾಗಿ ನಿಲ್ಲುತ್ತದೆ. ಪುನರ್ಜನ್ಮ ನಿಜವೇ ಎಂಬ ಪ್ರಶ್ನೆಯಿಂದ ವೆಂಕಟಲಕ್ಷ್ಮಿಯ ಆಯ್ಕೆಯ ಕಡೆಗೆ ಕಾಸರವಳ್ಳಿಯವರು ತೂಕವನ್ನು ಸರಿಸಿದ್ದು ಈ ಚಿತ್ರದ ದೊಡ್ಡ ಸಾಧನೆ. ಅವಳು ನಂಬಿದಳೋ, ನಂಬಿದಂತೆ ಬದುಕಿದಳೋ ಎಂಬುದನ್ನು ಪವಿತ್ರಾ ಲೋಕೇಶ್ ಅವರ ಅಭಿನಯ ಕೊನೆವರೆಗೂ ಬಿಟ್ಟುಕೊಡುವುದಿಲ್ಲ. ನನ್ನ ಓದಿನಲ್ಲಿ, ಈ ಎರಡರ ನಡುವಿನ ಗೆರೆಯೇ ಆ ಮನೆಯಲ್ಲಿ ಅಳಿಸಿಹೋಗಿದೆ.

ಇದು ಕಥೆಗಾರರ ಕಲ್ಪನೆಯಷ್ಟೇ ಅಲ್ಲ ಎನ್ನಲು ಸಂಶೋಧನೆಯ ಆಧಾರವಿದೆ. ಪೂರ್ವಜನ್ಮ ಸ್ಮರಣೆಯ ಪ್ರಕರಣಗಳನ್ನು ಸಂಗ್ರಹಿಸಿದ ಇಯಾನ್ ಸ್ಟೀವನ್‌ಸನ್ ಅವರ ಇಪ್ಪತ್ತು ಪ್ರಕರಣಗಳ ಗ್ರಂಥ 1966ರಲ್ಲಿ ಬಂತು. ಅವರೊಡನೆ ದುಡಿದ ಸತ್ವಂತ್ ಪಸ್ರಿಚಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದು ಭಾರತದ ಪ್ರಕರಣಗಳನ್ನು ಅಭ್ಯಾಸ ಮಾಡಿದರು. ಮಗುವಿನ ಮಾತುಗಳನ್ನು ಎರಡು ಕುಟುಂಬಗಳು ಭೇಟಿಯಾಗುವ ಮೊದಲೇ ಬರೆದಿಟ್ಟಿದ್ದರೆ ಅಂಥ ಪ್ರಕರಣಕ್ಕೆ ಸ್ಟೀವನ್‌ಸನ್ ಹೆಚ್ಚು ಬೆಲೆ ಕೊಟ್ಟರು. ಅಂಥವು ಸಿಕ್ಕಿದ್ದು ವಿರಳ. ಭೇಟಿಯಾದ ಮೇಲೆ ಯಾರು ಏನನ್ನು ಮೊದಲು ಹೇಳಿದರು ಎಂಬುದು ಬೆರೆತುಹೋಗುತ್ತದೆ: ಹುಡುಗನ ತೊದಲನ್ನು ತಾಯಿಯ ನೆನಪು ತುಂಬುತ್ತದೆ, ತುಂಬಿದ್ದನ್ನು ಹುಡುಗ ತನ್ನದೆಂದು ಹೇಳುತ್ತಾನೆ. ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು 1956ರಲ್ಲಿ, ಹುಸಿಯಾದ ಪ್ರಳಯದ ಭವಿಷ್ಯವಾಣಿಯೊಂದನ್ನು ಅಭ್ಯಾಸ ಮಾಡಿ, ನಂಬಿಕೆ ಸುಳ್ಳಾದ ಮೇಲೂ ಉಳಿಯಬೇಕಾದರೆ ಜೊತೆಗೆ ನಂಬುವವರಿರಬೇಕು ಎಂದು ಗುರುತಿಸಿದ್ದರು. ಇವುಗಳ ಎದುರಿಗೆ ಫ್ರಾಯ್ಡ್ 1917ರಲ್ಲಿ ಶೋಕವನ್ನೂ ವಿಷಣ್ಣತೆಯನ್ನೂ ಬೇರ್ಪಡಿಸಿ ಬರೆದ ಪ್ರಬಂಧವನ್ನು ಇಟ್ಟು ನೋಡಬೇಕು. ಪ್ರೀತಿಸಿದವರು ಇನ್ನಿಲ್ಲವೆಂದು ವಾಸ್ತವ ಮತ್ತೆಮತ್ತೆ ತೀರ್ಪು ಕೊಡುತ್ತದೆ, ಮನಸ್ಸು ಮೆಲ್ಲಗೆ ಒಪ್ಪುತ್ತದೆ ಎಂಬುದು ಅಲ್ಲಿಯ ತಿಳಿವಳಿಕೆ. ಆ ತೀರ್ಪನ್ನು ನಮಗೆ ಓದಿ ಹೇಳುವವರು ಸುತ್ತಲಿನ ಜನರೇ. ಅವರೇ ಬೇರೆ ತೀರ್ಪು ಓದಿದರೆ?

ಪುನರ್ಜನ್ಮದ ನಂಬಿಕೆಗೂ ಸಾವಿನ ಹಿಂದೆ ಸಂಚು ಕಾಣುವ ಗೀಳಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಚಿನಲ್ಲಿ ವೈರಿಯಿರುತ್ತಾನೆ, ಇಲ್ಲಿ ಇಲ್ಲ; ಆ ವ್ಯತ್ಯಾಸ ನಿಜ. ಆದರೆ ತರ್ಕದ ಕಟ್ಟು ಒಂದೇ: ಆಕಸ್ಮಿಕವೆಂಬುದಿಲ್ಲ, ಎಲ್ಲವೂ ಗುರುತು, ವಿರುದ್ಧ ಸಾಕ್ಷಿಯೂ ಒಳಗೇ ಜೀರ್ಣವಾಗುತ್ತದೆ. ವೈರಿಯುಳ್ಳ ರೂಪವನ್ನು ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ತೋರಿಸುತ್ತದೆ. 2013ರ ‘ಲೂಸಿಯಾ’ಕ್ಕೆ ಪ್ರೇಕ್ಷಕರಿಂದಲೇ ಹಣ ಕೂಡಿಸಿದ್ದ ನಿರ್ದೇಶಕರು ಇಲ್ಲಿ ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆ, ಅಲ್ಲಿ ಸವಾರರು ಸರಿಸುವ ಕಲ್ಲುಗಳು, ಒಂದು ವಾಹನಸಂಖ್ಯೆಗಳ ಪಟ್ಟಿ, ಇಷ್ಟನ್ನೇ ಹಿಡಿದು ಕಥೆ ಕಟ್ಟಿದ್ದಾರೆ. ಪಟ್ಟಿಯಲ್ಲಿದ್ದವರು ಸಾಯುತ್ತಿದ್ದಾರೆ, ಅಪಘಾತದಲ್ಲಿ ಮಡಿದ ತಾಯಿ-ಮಗುವಿನ ಶೋಕ ಸೇಡಾಗಿದೆ. ಕೊನೆಗೆ ತಪ್ಪಿನ ಜಾಡು ಆ ಸತ್ತವರ ಮನೆಯೊಳಕ್ಕೇ ಬಂದು ನಿಲ್ಲುತ್ತದೆ. ಸಿನಿಮಾ ದೆವ್ವವನ್ನು ಕರೆತಂದು ಅನುಮಾನಕ್ಕೆ ಉತ್ತರ ಕೊಟ್ಟುಬಿಡುವುದು ಅದರ ಮಿತಿ. ಆದರೂ ಹೊರಗಿನ ವೈರಿಯ ಹುಡುಕಾಟ ಮನೆಯವರು ಬಾಯಿಬಿಡದ ಒಂದು ತಪ್ಪನ್ನು ಮುಚ್ಚಿಡಬಲ್ಲದು ಎಂಬ ಮಾತು ನನ್ನ ವಾದಕ್ಕೆ ಹತ್ತಿರದ್ದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಪರಂಪರೆಯಿಂದ ಬಂದ ನಂಬಿಕೆಯನ್ನು ಗೀಳು ಎನ್ನುವುದು ಅನ್ಯಾಯವಲ್ಲವೇ? ಇದಕ್ಕೆ ಉತ್ತರ ಹುಡುಕಲು ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯತ್ತ ನೋಡಬೇಕು. ಅಲ್ಲಿಯ ಕಾಂತೇಶನ ಗುಡಿಯಲ್ಲಿ ಕನಕದಾಸರು ‘ಮೋಹನತರಂಗಿಣಿ’ಯನ್ನು ರಚಿಸಿದರೆಂಬುದು ಪ್ರತೀತಿ. ಆ ಸಾಂಗತ್ಯ ಕಾವ್ಯ ಎತ್ತಿಕೊಳ್ಳುವ ಕಥೆಗಳಲ್ಲಿ ಪ್ರದ್ಯುಮ್ನನ ಕಥೆಯೂ ಒಂದು. ಭಾಗವತದ ದಶಮಸ್ಕಂಧದಲ್ಲಿ ಬರುವಂತೆ, ಶಿವನ ಕಣ್ಣಬೆಂಕಿಗೆ ಗಂಡನನ್ನು ಕಳೆದುಕೊಂಡ ರತಿ ಶಂಬರಾಸುರನ ಮನೆಯಲ್ಲಿ ಮಾಯಾವತಿಯಾಗಿದ್ದಾಳೆ. ಮೀನಿನ ಹೊಟ್ಟೆಯಲ್ಲಿ ಸಿಕ್ಕ ಕೂಸನ್ನು ಸಾಕುತ್ತಾಳೆ. ಅದೇ ತನ್ನ ಗಂಡನೆಂದು ತಿಳಿದು, ಬೆಳೆದ ಮೇಲೆ ಅವನನ್ನು ವರಿಸುತ್ತಾಳೆ. ವಿಧವೆ, ಮರುಹುಟ್ಟು, ವಯಸ್ಸಿನ ಅಂತರ: ವೆಂಕಟಲಕ್ಷ್ಮಿಯ ಪಾಡು ಪೂರ್ತಿಯಾಗಿ ಇಲ್ಲಿದೆ. ಕನ್ನಡ ಮನಸ್ಸಿಗೆ ಆ ಪಾಡು ಪರಕೀಯವಲ್ಲ. ಆದರೆ ರತಿಗೆ ನಾರದ ಬಂದು ಹೇಳುತ್ತಾನೆ. ಪುರಾಣದಲ್ಲಿ ಗುರುತಿನ ಹೊಣೆಯನ್ನು ದೇವಲೋಕ ಹೊರುತ್ತದೆ. ಕೇಳುವವರೂ ಅದನ್ನು ಕಥೆಯೆಂದೇ ಕೇಳಿ, ಹಾಡಿ, ಮನೆಗೆ ಹೋಗುತ್ತಾರೆ, ಯಾರ ಮನೆಯ ಹುಡುಗನನ್ನೂ ಅದಕ್ಕಾಗಿ ಕರೆತರುವುದಿಲ್ಲ. ಅಚ್ಚಣ್ಣಯ್ಯನವರ ಮನೆಗೆ ನಾರದ ಬರುವುದಿಲ್ಲ. ಹೊಣೆ ಹೊರಬೇಕಾದವರು ಆ ಮನೆಯವರೇ. ಪರಂಪರೆ ಅವರಿಗೆ ಭಾಷೆ ಕೊಟ್ಟಿದೆ, ಸಾಕ್ಷಿ ಕೊಟ್ಟಿಲ್ಲ. ಹಾಗಾಗಿ ನಂಬಿಕೆ ಗೀಳಾಗುವ ಘಳಿಗೆಯನ್ನು ಅದರ ವಿಷಯದಲ್ಲಿ ಹುಡುಕಿ ಫಲವಿಲ್ಲ. ಜೀವಂತ ಮನುಷ್ಯನೊಬ್ಬನನ್ನು ಸತ್ತವನ ಸ್ಥಾನದಲ್ಲಿ ಕೂರಿಸಿ, ಅದರ ವೆಚ್ಚವನ್ನು ಇನ್ನೊಬ್ಬರ ಮೇಲೆ ಹೊರಿಸುವಲ್ಲಿ ಅದು ಕಾಣುತ್ತದೆ.

ದುಃಖಿತರ ಅನುಮಾನ ಎಷ್ಟೋ ಸಲ ನಿಜವಾಗಿರುತ್ತದೆ, ಅದನ್ನು ಗೀಳೆಂದು ಕರೆದು ಬಾಯಿ ಮುಚ್ಚಿಸುವುದು ಅಧಿಕಾರಸ್ಥರಿಗೆ ಅನುಕೂಲ ಎಂಬ ಎಚ್ಚರಿಕೆಯೂ ಸರಿಯಾದದ್ದೇ. ಇಲ್ಲಿ ಮಂಸೋರೆ ಅವರ ಮೊದಲ ಚಿತ್ರ ‘ಹರಿವು’ (2014) ನೆರವಿಗೆ ಬರುತ್ತದೆ. 62ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಕನ್ನಡ ಚಿತ್ರವಾಯಿತು. ಉತ್ತರ ಕರ್ನಾಟಕದ ಬಡ ತಂದೆ ಮಗನನ್ನು ಬೆಂಗಳೂರಿನ ಆಸ್ಪತ್ರೆಗೆ ತರುತ್ತಾನೆ, ಮಗ ಉಳಿಯುವುದಿಲ್ಲ, ಹೆಣ ಸಾಗಿಸಲು ಹಣವಿಲ್ಲದೆ ಟ್ರಂಕಿನಲ್ಲಿಟ್ಟು ಬಸ್ಸಿನಲ್ಲಿ ಊರಿಗೆ ಹೊರಡುತ್ತಾನೆ. ವ್ಯವಸ್ಥೆಯ ಮೇಲೆ ಅನುಮಾನ ಪಡಲು ಇವನಷ್ಟು ಕಾರಣವುಳ್ಳವರು ಕಡಿಮೆ. ಆದರೂ ಇವನಲ್ಲಿ ಗೀಳು ಬೆಳೆಯುವುದಿಲ್ಲ, ಏಕೆಂದರೆ ಅವನ ಅನುಮಾನಕ್ಕೆ ಕಿವಿಗೊಡುವವರು ಆ ನಗರದಲ್ಲಿ ಯಾರೂ ಇಲ್ಲ. ಅಳುವುದಕ್ಕೂ ಬಿಡುವಿಲ್ಲದಂತೆ ಬಸ್ಸಿನ ಸಮಯ, ಟಿಕೆಟ್ಟಿನ ದುಡ್ಡು, ಟ್ರಂಕಿನ ಭಾರ ಅವನನ್ನು ಆವರಿಸಿವೆ. ಒಪ್ಪಂದಕ್ಕೆ ಇನ್ನೊಬ್ಬ ಬೇಕು ಎಂಬುದಕ್ಕೆ ಈ ತಂದೆಯ ಒಂಟಿತನ ತಿರುಗುಮುರುಗಾದ ಪುರಾವೆ. ನ್ಯಾಯವಾದ ವಿಚಾರಣೆಗೂ ಗೀಳಿಗೂ ಇರುವ ವ್ಯತ್ಯಾಸವೂ ಇದರಿಂದ ತಿಳಿಯಾಗುತ್ತದೆ. ಯಾವ ಉತ್ತರ ಸಿಕ್ಕರೆ ಪ್ರಶ್ನೆ ನಿಲ್ಲುತ್ತದೆ ಎಂದು ವಿಚಾರಿಸುವವನು ಮೊದಲೇ ಹೇಳಬಲ್ಲ: ಔಷಧದ ಚೀಟಿ, ವೈದ್ಯರ ವಿವರಣೆ, ಊರಿಗೆ ತಲುಪಿಸುವ ಗಾಡಿ. ನಾಗಲಕ್ಷ್ಮಿಯ ಪ್ರಶ್ನೆಗೆ ಅಂಥ ಉತ್ತರವಿಲ್ಲ. ರಾಜಲಕ್ಷ್ಮಿ ಕಾನೂನಿನ ಮೊರೆ ಹೋದಾಗ ಚಿತ್ರ ಅವಳ ನ್ಯಾಯವನ್ನು ಅಲ್ಲಗಳೆಯುವುದಿಲ್ಲ; ಆದರೆ ಕಾನೂನಿನ ಕೈಗೆ ಸಿಗುವುದು ವಿಶ್ವನೊಬ್ಬನೇ. ಅವನನ್ನು ಮಗನೆಂದವಳೂ, ಹಾಗೆನ್ನಲು ಬಿಟ್ಟವರೂ, ವಿಧವೆಗೆ ಬೇರೆ ಬಾಗಿಲನ್ನು ತೆರೆಯದ ಊರೂ ಆ ಫಿರ್ಯಾದಿನೊಳಗೆ ಬರುವುದಿಲ್ಲ.