ಕಿಸೆಯಲ್ಲೊಂದು ಇಡೀ ರಾತ್ರಿಯ ಆಟ

ಬೈಂದೂರಿನಿಂದ ಬ್ರಹ್ಮಾವರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದರು. ಮರವಂತೆ ದಾಟುವಾಗ ತಡೆಯಲಾರದೆ ಕೇಳಿದರು: “ಹ್ವಾಯ್, ಇದ್ರಗ್ ಫೋನ್ ಮಾಡುಕಾತಿಲ್ಯಾ?” ಇಲ್ಲ ಎಂದೆ. “ಮತ್ತೆಂತಕ್ಕೆ?” ಎಂದರು. ಪದ್ಯ ಕೇಳುವುದಕ್ಕೆ ಮಾತ್ರ ಎಂದೆ. ಅವರು ತಮ್ಮ ಕಿಸೆಯಿಂದ ಫೋನ್ ತೆಗೆದು, ಅದರಲ್ಲಿದ್ದ ಆಟದ ವಿಡಿಯೋ ಒಂದನ್ನು ತೋರಿಸಿ, ನನ್ನ ಬಗ್ಗೆ ಮರುಕಪಟ್ಟವರಂತೆ ಸುಮ್ಮನಾದರು.

ಅವರ ಪ್ರಶ್ನೆ ನ್ಯಾಯವಾದದ್ದೇ. ಸಂಶೋಧನಾ ವೇತನದಲ್ಲಿ ಬದುಕುವವನು ಎರಡು ತಿಂಗಳ ಉಳಿತಾಯ ಹಾಕಿ ಫೋನಲ್ಲದ ಒಂದು ಮ್ಯೂಸಿಕ್ ಪ್ಲೇಯರ್ ಕೊಳ್ಳುವುದು ಯಾಕೆ? ಇಸ್ಪೀಟು ಎಲೆಯ ಕಟ್ಟಿಗಿಂತ ಸ್ವಲ್ಪ ದೊಡ್ಡದಾದ, ಕೈಗೆ ಭಾರವೆನಿಸುವ, ಹೆಡ್‌ಫೋನ್ ಚುಚ್ಚಲು ದುಂಡನೆಯ ತೂತಿರುವ ಸಾಧನ ಅದು. ಗೆಳೆಯರು ಅದನ್ನು ಶೋಕಿ ಎಂದರು. ನಾನೂ ಮೊದಲಿಗೆ ಹಾಗೆಯೇ ಅಂದುಕೊಂಡಿದ್ದೆ. ಆದರೆ ನನ್ನ ಪ್ರಬಂಧದ ಒಂದು ಅಧ್ಯಾಯ ಇದರಿಂದಾಗಿ ಬಿದ್ದುಹೋಯಿತು. ಆ ಕಥೆ ಹೇಳಬೇಕಾದರೆ ಒಂದು ಕ್ಯಾಸೆಟ್ ಡಬ್ಬಿಯಿಂದ ಶುರುಮಾಡಬೇಕು.

ಬೈಂದೂರು ಬದಿಯ ನನ್ನ ಸೋದರಮಾವನ ಮನೆಯ ಅಟ್ಟದಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದಿತ್ತು. ಅದರಲ್ಲಿ ನಲವತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳು. ಮಾವ ಎಂಬತ್ತರ ದಶಕದಲ್ಲಿ ಮುಂಬೈಯ ಹೋಟೆಲಿನಲ್ಲಿದ್ದವರು. ರಜೆಗೆ ಬರುವಾಗ ತಂದ ಟೂ-ಇನ್-ಒನ್ ಅನ್ನು ಹೆಗಲಿಗೇರಿಸಿಕೊಂಡು ಹರಕೆಯಾಟಗಳಿಗೆ ಹೋಗುತ್ತಿದ್ದರು. ರಂಗಸ್ಥಳದ ಬದಿಯಲ್ಲಿ, ಭಾಗವತರಿಗೆ ಆದಷ್ಟು ಹತ್ತಿರ ಅದನ್ನಿಟ್ಟು ಗುಂಡಿ ಒತ್ತುವುದು ಅವರ ಸಂಭ್ರಮ. ಒಂದು ಕ್ಯಾಸೆಟ್ಟಿನ ಮೇಲೆ ಪೆನ್ನಿನಲ್ಲಿ ‘ಹರಕೆ ಆಟ, ಕುಂದಾಪುರ ತಾ., 2ನೇ ಭಾಗ’ ಎಂದಷ್ಟೇ ಇತ್ತು. ಭಾಗವತರ ಹೆಸರಿಲ್ಲ, ಪ್ರಸಂಗದ ಹೆಸರಿಲ್ಲ. ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಾದದ್ದು 2018ರಲ್ಲಿ. ಹಾಗಾಗಿ ‘ಕುಂದಾಪುರ ತಾ.’ ಎಂದರೆ ಶಿರೂರಿನಿಂದ ಹಿಡಿದು ಎಲ್ಲಿ ಬೇಕಾದರೂ ಆಗಬಹುದು.

ಈ ಡಬ್ಬಿಗೆ ಬೆಲೆ ಬರುವುದು ಯಕ್ಷಗಾನದ ಅಚ್ಚಾದ ದಾಖಲೆಗಳ ಸ್ವರೂಪದಿಂದಾಗಿ. ಪ್ರಸಂಗ ಪುಸ್ತಕ ತೆರೆದರೆ ಪದ್ಯದ ಮೇಲೆ ರಾಗದ ಹೆಸರು, ತಾಳದ ಹೆಸರು ಇರುತ್ತದೆ. ಸ್ವರಲಿಪಿ ಇರುವುದಿಲ್ಲ. ಆ ರಾಗವನ್ನು ಈ ನೆಲದಲ್ಲಿ ಹೇಗೆ ಹಾಡುತ್ತಿದ್ದರು ಎಂಬುದು ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಮಾತ್ರ ದಾಟುತ್ತಿತ್ತು. ಕೋಟದ ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ ಬರೆಯುವಾಗ ಊರೂರು ತಿರುಗಿ, ಹಳಬರ ಬಾಯಿಂದ ಕೇಳಿ, ತಾಳೆನೋಡಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಕಂಠ ನಿಂತರೆ ದಾಖಲೆ ನಿಂತಂತೆ.

ಮೊದಮೊದಲಿನ ಧ್ವನಿಮುದ್ರಣ ತಂತ್ರಗಳು ನಮ್ಮ ಆಟಕ್ಕೆ ಹೊಂದಿಕೊಳ್ಳುವಂಥವಲ್ಲ. ಗ್ರಾಮಫೋನಿನ 78ರ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಒಂದು ಪದ್ಯಕ್ಕೆ ಚೆಂಡೆ ಕಾವೇರುವಷ್ಟರಲ್ಲಿ ಮುಳ್ಳು ನಡುವಿಗೆ ಬಂದಿರುತ್ತದೆ. 1976ರಲ್ಲಿ ಆಕಾಶವಾಣಿಯ ಮಂಗಳೂರು ಕೇಂದ್ರ ಆರಂಭವಾಯಿತು. ಅದರ ಮಧ್ಯಮ ತರಂಗದ ಪ್ರಸರಣ ಕಂಬ ಇರುವುದು ನಮ್ಮ ಬ್ರಹ್ಮಾವರದಲ್ಲೇ. ಅಲ್ಲಿಂದ ಹೊರಟ ತಾಳಮದ್ದಲೆಗಳು ಮನೆಮನೆ ತಲುಪಿದವು ನಿಜ. ಆದರೆ ಮಧ್ಯಮ ತರಂಗದ ದಾರಿ ಕಿರಿದು, ಧ್ವನಿಯ ಮೇಲಿನ ಅಂಚುಗಳು ಅಲ್ಲಿ ಉದುರಿಹೋಗುತ್ತವೆ. ಜೊತೆಗೆ ರೇಡಿಯೋ ಕೇಳಿಸಿದ್ದನ್ನು ಕೇಳಬೇಕು, ಬೇಕೆಂದಾಗ ತಿರುಗಿಸಲಾಗದು.

ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ ಈ ಸ್ಥಿತಿಯನ್ನು ಬದಲಿಸಿತು. ಮುದ್ರಿಸುವ ಅಧಿಕಾರ ಕೇಳುಗನ ಕೈಗೆ ಬಂತು. 1979ರಲ್ಲಿ ಜಪಾನಿನಲ್ಲಿ ಸೋನಿ ವಾಕ್‌ಮನ್ ಬಂದು ಸಂಗೀತ ಕಿಸೆಗಿಳಿಯಿತು. ಗುಂಡ್ಮಿ ಕಾಳಿಂಗ ನಾವಡರ ಕಾಲ ಇದೇ. ಜನ ‘ಕರಾವಳಿ ಕೋಗಿಲೆ’ ಎಂದು ಕರೆದ ಅವರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತರ ಆಚೀಚಿನ ವಯಸ್ಸು, ನನಗಿಂತ ಕೆಲವೇ ವರ್ಷ ದೊಡ್ಡವರು. ನಾನು ಹುಟ್ಟುವ ಮುಂಚೆಯೇ ನಿಂತುಹೋದ ಆ ಸ್ವರವನ್ನು ನಾನು ಬಲ್ಲೆನೆಂದರೆ ಅದು ಕ್ಯಾಸೆಟ್ಟಿನ ಋಣ. ಕುಂದಾಪುರದ ಬಸ್ಸುಗಳಲ್ಲಿ, ಸಲೂನುಗಳಲ್ಲಿ, ಗೂಡಂಗಡಿಗಳಲ್ಲಿ ಅವರು ಇನ್ನೂ ಹಾಡುತ್ತಲೇ ಇದ್ದಾರೆ.

ಮುಂದಿನ ಹೆಜ್ಜೆಗಳನ್ನು ನಾನು ಆಟದ ಅಳತೆಯಲ್ಲಿ ಲೆಕ್ಕ ಹಾಕುತ್ತೇನೆ. ರಾತ್ರಿ ಎಂಟು ಗಂಟೆ ಕಾಲ ನಡೆಯುವ ಒಂದು ಆಟಕ್ಕೆ 60 ನಿಮಿಷದ ಕ್ಯಾಸೆಟ್ ಎಂಟು ಬೇಕು. ಅದನ್ನೇ ಸಿಡಿಯ ಗುಣಮಟ್ಟದಲ್ಲಿ, ಏನನ್ನೂ ಹಿಂಡದೆ ಇಟ್ಟರೆ ಸುಮಾರು 5 ಗಿಗಾಬೈಟ್ ಆಗುತ್ತದೆ. 1998ರಲ್ಲಿ ಬಂದ ರಿಯೋ ಎಂಬ ಎಂಪಿ3 ಪ್ಲೇಯರಿನಲ್ಲಿದ್ದದ್ದು 32 ಮೆಗಾಬೈಟ್. ಚೆನ್ನಾಗಿ ಹಿಂಡಿದರೂ ಅರ್ಧ ಗಂಟೆ, ಅಂದರೆ ಒಂದು ಕ್ಯಾಸೆಟ್ಟಿನ ಒಂದೇ ಬದಿ. 2001ರ ಮೊದಲ ಐಪಾಡಿನ ಇಡೀ ಹೊಟ್ಟೆ 5 ಗಿಗಾಬೈಟ್. ಸಾವಿರ ಹಾಡು ಹಿಡಿಸುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. ಹಿಂಡದೆ ಹಾಕಿದ್ದರೆ ಅದರಲ್ಲಿ ಹಿಡಿಸುತ್ತಿದ್ದದ್ದು ಒಂದೇ ಒಂದು ಆಟ.

ಹಾಗಾಗಿ ಹಿಂಡುವುದು ಅನಿವಾರ್ಯವಾಗಿತ್ತು. ಎಂಪಿ3 ಮಾಡುವ ಕೆಲಸ ಚತುರವಾದದ್ದು. ದೊಡ್ಡ ಸದ್ದಿನ ಪಕ್ಕದಲ್ಲಿ ಸಣ್ಣ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ; ಚೆಂಡೆಯ ಪೆಟ್ಟು ಬಿದ್ದ ಕ್ಷಣದಲ್ಲಿ ಪಕ್ಕದವರ ಕೆಮ್ಮು ಕೇಳದ ಹಾಗೆ. ಕೇಳದೇ ಇರುವುದನ್ನು ನಿಖರವಾಗಿ ಇಟ್ಟುಕೊಂಡು ಪ್ರಯೋಜನವೇನು ಎಂಬುದು ಅದರ ತರ್ಕ. 128 ಕಿಲೋಬಿಟ್‌ಗೆ ಇಳಿಸಿದರೆ ಎಂಟು ಗಂಟೆಯ ಆಟ 460 ಮೆಗಾಬೈಟ್ ಆಗಿ ಒಂದೇ ಸಿಡಿಯಲ್ಲಿ ಕುಳಿತುಬಿಡುತ್ತದೆ. ಆ ಕಾಲದಲ್ಲಿ ನಮ್ಮೂರುಗಳ ಅಂಗಡಿಗಳಲ್ಲಿ, ಆಮೇಲೆ ಮೆಮೊರಿ ಕಾರ್ಡಿಗೆ ಪದ್ಯ ತುಂಬಿಕೊಡುವ ಮೊಬೈಲ್ ಅಂಗಡಿಗಳಲ್ಲಿ, ಯಕ್ಷಗಾನ ಹರಡಿದ್ದು ಈ ರೂಪದಲ್ಲೇ. ಅದನ್ನು ಹಗುರವಾಗಿ ಕಾಣಲಾರೆ. ನಾನು ಯಕ್ಷಗಾನ ಕಲಿತದ್ದೂ ಹಾಗೆಯೇ.

ಮಾವನ ‘2ನೇ ಭಾಗ’ ಕ್ಯಾಸೆಟ್ ಕೂಡ ಹದಿನೈದು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಎಂಪಿ3 ಆಗಿತ್ತು. ಹಿಸ್ ಎನ್ನುವ ಸದ್ದು ತೆಗೆದು, ಕೆಳಗಿನ ಗುಂಯ್‌ಗುಡುವಿಕೆ ತೆಗೆದು, ‘ಕ್ಲೀನ್’ ಮಾಡಿ ಕೊಟ್ಟಿದ್ದರು. ನಾನು ಅದನ್ನೇ ನಂಬಿ ಕೆಲಸ ಶುರುಮಾಡಿದೆ. ಭಾಗವತರು ಹೆಸರಿಲ್ಲದವರಾದರೂ ಸ್ವರ ಅಪರೂಪದ್ದು. ಕಂಪ್ಯೂಟರಿನಲ್ಲಿ ಅಳೆದಾಗ ಮೊದಲ ಪದ್ಯಕ್ಕೂ ಕೊನೆಯ ಪದ್ಯಕ್ಕೂ ಶ್ರುತಿಯಲ್ಲಿ ವ್ಯತ್ಯಾಸ ಕಂಡಿತು: ಸ್ವಲ್ಪಸ್ವಲ್ಪವೇ ಏರುತ್ತಾ ಹೋಗಿದೆ. ಎಂಥ ಖುಷಿ! ಧ್ವನಿವರ್ಧಕಕ್ಕೆ ಇನ್ನೂ ಪೂರ್ತಿ ಒಗ್ಗದ ಹಳೆಯ ಭಾಗವತರು ಬೆಳಗಿನ ಜಾವಕ್ಕೆ ನಿದ್ದೆ ಓಡಿಸಲು ಸ್ವರ ಏರಿಸುತ್ತಿದ್ದರು ಎಂದು ಹನ್ನೆರಡು ಪುಟ ಬರೆದೆ. ಒಂದು ವಿಚಾರ ಸಂಕಿರಣದಲ್ಲಿ ಓದಿಯೂ ಬಿಟ್ಟೆ. ಯಾರೂ ಪ್ರಶ್ನೆ ಕೇಳಲಿಲ್ಲ.

ಆಮೇಲೆ ಡಬ್ಬಿಯಲ್ಲಿದ್ದ ಮೂಲ ಕ್ಯಾಸೆಟ್ಟನ್ನೇ ಒಳ್ಳೆಯ ಡೆಕ್‌ನಲ್ಲಿ ಹಾಕಿ, ಏನನ್ನೂ ತೆಗೆಯದೆ, ಏನನ್ನೂ ಸೇರಿಸದೆ ಡಿಜಿಟಲ್ ಮಾಡಿದೆ. ಫ್ಲ್ಯಾಕ್ ಎಂಬ ರೂಪದಲ್ಲಿ ಉಳಿಸಿದೆ. ಅದೂ ಕಡತವನ್ನು ಚಿಕ್ಕದು ಮಾಡುತ್ತದೆ, ಆದರೆ ಬಿಡಿಸಿದಾಗ ಒಂದು ಬಿಂದುವೂ ಕಡಿಮೆಯಾಗದೆ ವಾಪಸು ಬರುತ್ತದೆ. ಪ್ಲೇಯರ್ ಕೊಂಡದ್ದು ಆಗಲೇ: ಊರೂರು ತಿರುಗುವಾಗ ಈ ಕಡತಗಳನ್ನು ಹಳೆಯ ಕಲಾವಿದರ ಕಿವಿಗೆ ಇದ್ದಂತೆಯೇ ಮುಟ್ಟಿಸಲು. ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಸಾಧನಗಳ ಮೇಲೆ 192 ಕಿಲೋಹರ್ಟ್ಸ್ ಎಂಬಂಥ ದೊಡ್ಡ ಸಂಖ್ಯೆ ಬರೆದಿರುತ್ತಾರೆ. ಕ್ಯಾಸೆಟ್ಟಿಗೆ ಅದರ ಅಗತ್ಯವಿಲ್ಲ. ಟೇಪಿನಲ್ಲಿ ಇಲ್ಲದ್ದನ್ನು ಯಾವ ಪ್ಲೇಯರೂ ತರಲಾರದು. ನನಗೆ ಬೇಕಿದ್ದದ್ದು ಇದ್ದದ್ದನ್ನು ಬಿಟ್ಟುಕೊಡದ ಒಂದು ಸಾಧನ.

ಮೊದಲ ಸಲ ಕೇಳಿದಾಗ ಬೆರಗಾಯಿತು. ಎಂಪಿ3ಯಲ್ಲಿ ಖಾಲಿಯಾಗಿದ್ದ ಜಾಗಗಳಲ್ಲಿ ಜನ ಇದ್ದರು. ಯಾರೋ ಮಗುವನ್ನು ಗದರುತ್ತಾರೆ, ದೂರದಲ್ಲಿ ನಾಯಿ. ಚೆಂಡೆ ಜೋರಾಗಿ ಬಿದ್ದೊಡನೆ ಎಲ್ಲವೂ ಕುಗ್ಗಿ, ಮತ್ತೆ ನಿಧಾನಕ್ಕೆ ಉಸಿರೆಳೆದಂತೆ ಮೇಲೇಳುತ್ತದೆ. ಆಗಿನ ಟೇಪ್ ರೆಕಾರ್ಡರುಗಳು ಸದ್ದು ಹೆಚ್ಚಾದರೆ ತಾವೇ ತಗ್ಗಿಸಿ, ಆಮೇಲೆ ತಾವೇ ಏರಿಸುತ್ತಿದ್ದ ಗುರುತು ಅದು. ಆ ಕುಗ್ಗುವಿಕೆಯನ್ನೂ ನಾನು ಮೊದಲು ಭಾಗವತರ ‘ಭಾವ’ ಎಂದುಕೊಂಡಿದ್ದೆ!

ಈ ಪ್ಲೇಯರನ್ನು ಹಿಡಿದುಕೊಂಡು ಬ್ರಹ್ಮಾವರದ ಬಳಿ ಇರುವ, ಈಗ ಎಂಬತ್ತು ದಾಟಿದ ಮದ್ದಲೆಗಾರರೊಬ್ಬರ ಮನೆಗೆ ಹೋದೆ. ಹೆಡ್‌ಫೋನ್ ಹಾಕಿಕೊಳ್ಳಲು ಮೊದಲು ಒಪ್ಪಲಿಲ್ಲ. ಹಾಕಿದ ಮೇಲೆ ತೆಗೆಯಲು ಒಪ್ಪಲಿಲ್ಲ. ತೊಡೆಯ ಮೇಲೆ ಬೆರಳು ನಡೆಯುತ್ತಿತ್ತು. ಎರಡನೇ ಬದಿ ಬಂದಾಗ ಬೆರಳು ನಿಂತಿತು. “ಇದೆಂತದು, ಸ್ವರ ಇಷ್ಟ್ ಸಪೂರ?” ಎಂದರು. ನಾನು ಉತ್ಸಾಹದಿಂದ ನನ್ನ ಸಿದ್ಧಾಂತ ವಿವರಿಸಿದೆ. ಅವರು ಪೂರ್ತಿ ಕೇಳಿ, ಹೆಡ್‌ಫೋನ್ ತೆಗೆದು ಕೊಟ್ಟು ಹೇಳಿದರು: “ಭಾಗವತ್ರ್ ಏರಿಸ್ಲಿ. ಹಾರ್ಮೋನಿಯಂ ಹ್ಯಾಂಗ್ ಏರುದು?”

ಹೌದಲ್ಲ! ಹಾರ್ಮೋನಿಯಂ ಏರುವುದಾದರೆ ಒಂದು ಮನೆ ದಾಟಿ ಇನ್ನೊಂದು ಮನೆಗೆ ಹೋಗಬೇಕು. ಮೆಟ್ಟಿಲು ಹತ್ತಿದ ಹಾಗೆ, ಇಳಿಜಾರು ಹತ್ತಿದ ಹಾಗಲ್ಲ. ‘ಕ್ಲೀನ್’ ಮಾಡಿದ ಎಂಪಿ3ಯಲ್ಲಿ ಹಾರ್ಮೋನಿಯಂ ಮಸುಕಾಗಿ ಭಾಗವತರ ಸ್ವರದೊಳಗೆ ಕರಗಿಹೋಗಿತ್ತು. ಇಲ್ಲಿ ಅದು ಬೇರೆಯಾಗಿ, ನಿಚ್ಚಳವಾಗಿ ಕೇಳುತ್ತಿತ್ತು; ಭಾಗವತರ ಜೊತೆಗೇ ಇಂಚಿಂಚಾಗಿ ಏರುತ್ತಲೂ ಇತ್ತು.

ರಾತ್ರಿ ಮನೆಗೆ ಬಂದು, ಅಂಗಡಿಯವರು ತೆಗೆದು ಬಿಸಾಕಿದ್ದ ಗುಂಯ್‌ಗುಡುವಿಕೆಯನ್ನೇ ಅಳೆದೆ. ಅದು ಧ್ವನಿವರ್ಧಕದಿಂದ ಬಂದ ಕರೆಂಟಿನ ಸದ್ದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಆ ದಿನಗಳ ಗ್ರಿಡ್ ಸ್ವಲ್ಪ ಆಚೀಚೆ ಆಗುತ್ತಿತ್ತಾದರೂ ಹೆಚ್ಚಾಗಿ ಕೆಳಕ್ಕೇ ಜಗ್ಗುತ್ತಿತ್ತು. ಟೇಪಿನ ಆರಂಭದಲ್ಲಿ ಆ ಸದ್ದು 51ರ ಹತ್ತಿರ, ಎರಡನೇ ಬದಿಯ ಕೊನೆಗೆ 53. ಶೇಕಡಾ ಆರರಷ್ಟು ವೇಗ ಹೆಚ್ಚಾದರೆ ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆ ಏರುತ್ತದೆ. ನನ್ನ ಡೆಕ್‌ನದೇ ತಪ್ಪಾಗಿದ್ದರೆ ಡಬ್ಬಿಯ ಉಳಿದ ಕ್ಯಾಸೆಟ್ಟುಗಳೂ ಹೀಗೆಯೇ ಏರಬೇಕಿತ್ತು, ಏರಿಲ್ಲ. ಮಾವನಿಗೆ ಫೋನ್ ಮಾಡಿದೆ. “ಶೆಲ್ಲಲ್ಲೇ ರೆಕಾರ್ಡ್ ಮಾಡುದ್ ಅಲ್ದಾ, ಅಲ್ಲಿ ಪ್ಲಗ್ ಎಲ್ಲಿತ್ತ್?” ಎಂದರು. ರಾತ್ರಿ ಸರಿದಂತೆ ಸೋತದ್ದು ಬ್ಯಾಟರಿ. ಮೋಟಾರು ನಿಧಾನವಾಗಿ ತಿರುಗುತ್ತಾ ಮುದ್ರಿಸಿದ್ದನ್ನು ಈಗ ಸರಿಯಾದ ವೇಗದಲ್ಲಿ ತಿರುಗಿಸಿದರೆ ಎಲ್ಲರೂ ಏರಿದಂತೆ ಕೇಳುತ್ತದೆ. ಬೆಳಗಿನ ಜಾವದ ಸೌಂದರ್ಯಶಾಸ್ತ್ರ ಎಂದು ನಾನು ಬರೆದ ಹನ್ನೆರಡು ಪುಟ ನಾಲ್ಕು ಶೆಲ್ಲುಗಳ ಚರಿತ್ರೆಯಾಗಿತ್ತು.

ಆ ಪುಟಗಳನ್ನು ತೆಗೆದೆ. ಸಂಕಿರಣದ ಸಂಚಾಲಕರಿಗೆ ತಿದ್ದುಪಡಿ ಬರೆದೆ. ನಾಚಿಕೆಯಾಯಿತು ನಿಜ, ಆದರೆ ಹಾಗೆಯೇ ಬಿಟ್ಟಿದ್ದರೆ ನಾಳೆ ಇನ್ನೊಬ್ಬ ವಿದ್ಯಾರ್ಥಿ ಅದನ್ನು ಆಧಾರವೆಂದು ಉಲ್ಲೇಖಿಸುತ್ತಿದ್ದ. ಅಂಗಡಿಯಾತನನ್ನು ದೂರುವಂತಿಲ್ಲ. ಅವನು ಕೇಳುಗನಿಗೆ ಹಿತವಾಗಲೆಂದು ಕಸ ತೆಗೆದ. ಆ ಕಸದಲ್ಲಿ ಸಾಕ್ಷಿ ಇದೆ ಎಂದು ತಿಳಿದಿರಬೇಕಾದವನು ನಾನು. ತಾಳೆಗರಿಯ ಪ್ರತಿ ಎದುರಾದರೆ ಲಿಪಿಕಾರ ಎಲ್ಲಿ ಎಡವಿದ ಎಂದು ನೋಡಲು ನಮಗೆ ಕಲಿಸುತ್ತಾರೆ. ಧ್ವನಿಯ ವಿಷಯಕ್ಕೆ ಬಂದಾಗ ಮಾತ್ರ ಯಂತ್ರ ಎಡವುವುದಿಲ್ಲ ಎಂದು ನಂಬಿಬಿಡುತ್ತೇವೆ. ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಫೋನಿಗೆ ಹೋಗುವ ಪ್ರತಿ ಹೆಜ್ಜೆಯಲ್ಲೂ ಒಬ್ಬ ಲಿಪಿಕಾರನಿದ್ದಾನೆ.

ವೇಗ ಸರಿಪಡಿಸಿದ ಪ್ರತಿಯನ್ನು ಹಿಡಿದು ಮತ್ತೆ ಆ ಮದ್ದಲೆಗಾರರ ಮನೆಗೆ ಹೋದೆ. ಈ ಸಲ ಮೂರನೇ ಪದ್ಯಕ್ಕೆ ಅವರ ಕಣ್ಣು ತುಂಬಿತು. ಸ್ವರ ಯಾರದ್ದೆಂದು ಹೇಳಿದರು. ಕ್ಷೇತ್ರದ ಮೇಳವೊಂದರಲ್ಲಿ ಹಾಡಿಕೊಂಡಿದ್ದು, ಒಂದೂ ಕ್ಯಾಸೆಟ್ ಮಾರುಕಟ್ಟೆಗೆ ಬರದೆ ತೀರಿಹೋದವರು. ನಾವಡರ ಸ್ವರಕ್ಕೆ ಪ್ರತಿಗಳು ಲೆಕ್ಕವಿಲ್ಲದಷ್ಟಿವೆ. ಒಂದು ಕೆಟ್ಟರೆ ಇನ್ನೊಂದು ಸಿಗುತ್ತದೆ. ಇವರದ್ದು ಉಳಿದಿರುವುದು, ನನಗೆ ಸಿಕ್ಕಿದ ಮಟ್ಟಿಗೆ, ಬಿಸ್ಕತ್ತಿನ ಡಬ್ಬಿಯ ಈ ಒಂದೇ ಟೇಪು. ಹೆಸರನ್ನು ಅವರ ಮನೆಯವರು ಒಪ್ಪಿದ ಮೇಲೆ ಪ್ರಬಂಧದಲ್ಲಿ ಬರೆಯುತ್ತೇನೆ.

ಹೊರಡುವಾಗ ಮದ್ದಲೆಗಾರರ ಮಗಳು, ಅಪ್ಪನಿಗೆ ಕೇಳಲು ತನ್ನ ಫೋನಿಗೆ ಹಾಕಿಕೊಡಬಹುದೇ ಎಂದು ಕೇಳಿದರು. ಅವರ ಫೋನಿನಲ್ಲಿ ಜಾಗ ಕಡಿಮೆ ಇತ್ತು. ಅಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ಎಂಪಿ3 ಮಾಡಿಕೊಟ್ಟೆ. ಗೇಟು ದಾಟುವಷ್ಟರಲ್ಲಿ ಜಗಲಿಯಿಂದ ಫೋನಿನ ಸಣ್ಣ ಸ್ಪೀಕರಿನಲ್ಲಿ ಪದ್ಯ ಶುರುವಾಗಿತ್ತು. ಹಾರ್ಮೋನಿಯಂ ಕೇಳುತ್ತಿರಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ.