ಪೆಟ್ರೋಲ್ ಲಾರಿಗೆ ಡೀಸೆಲ್ ಎಂಜಿನ್ ಕೂರಿಸಿದವರು

ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯ ಹಿಂದೆ, ಸೋಗೆ ಮಾಡಿನ ಕೆಳಗೆ ಹಳೆಯ ಶೆವರ್ಲೆ ಲಾರಿಯೊಂದು ನಿಂತಿದೆ. ಯುದ್ಧಕಾಲದ ಗಾಡಿ. ಮೂತಿ ದಪ್ಪ, ಹೆಡ್‌ಲೈಟು ಸಣ್ಣ. ಎಂ.ವೈ. ಎಂದು ಶುರುವಾಗುವ ಮೈಸೂರು ರಾಜ್ಯದ ನಂಬರು ಇನ್ನೂ ಮಸುಕಾಗಿ ಕಾಣುತ್ತದೆ. ಮನೆಯವರು ಒಳಗಿನಿಂದ ಆರ್‌ಸಿ ಪುಸ್ತಕ ತಂದು ತೋರಿಸಿದರು. ಇಂಧನ ಎಂಬ ಜಾಗದಲ್ಲಿ ಮೊದಲು ಪೆಟ್ರೋಲ್ ಎಂದು ಬರೆದಿದ್ದಾರೆ. ಆಮೇಲೆ ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು, ಮೇಲೆ ಡೀಸೆಲ್ ಎಂದು ಬರೆದು, ಸೀಲು ಒತ್ತಿದ್ದಾರೆ. ಎಂಜಿನ್ ನಂಬರೂ ಹಾಗೆಯೇ ಬದಲಾಗಿದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಇದನ್ನ ವಿಂಟೇಜ್ ಅಂತ ಮಾಡಿಸಬಹುದಾ? ಇಲ್ಲ ಅಂದ್ರೆ ಗುಜರಿಯವರು ಕೇಳ್ತಾ ಇದಾರೆ."

ಉತ್ತರ ಹುಡುಕಲು ಹೋದ ನಾವು ಆ ಕೆಂಪು ಶಾಯಿಯ ಗೆರೆಯ ಹಿಂದೆಯೇ ಬಿದ್ದೆವು. ಪೆಟ್ರೋಲ್ ಗಾಡಿಗೆ ಮನೆಯಂಗಳದಲ್ಲಿ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ನಮ್ಮ ಕಡೆ ಯಾಕೆ ಶುರುವಾಯಿತು, ಹೇಗೆ ಮಾಡುತ್ತಿದ್ದರು ಎಂಬುದನ್ನು ಯಾರೂ ಬರೆದಿಟ್ಟಂತೆ ಕಾಣಲಿಲ್ಲ.

ಯುದ್ಧಕ್ಕೆ ಮುಂಚೆ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಲಾರಿ, ಬಸ್ಸುಗಳಲ್ಲಿ ಹೆಚ್ಚಿನವು ಪೆಟ್ರೋಲಿನವು. ಶೆವರ್ಲೆ, ಫೋರ್ಡ್, ಡಾಡ್ಜ್. ಜನರಲ್ ಮೋಟಾರ್ಸ್ ಕಂಪನಿ 1928ರಲ್ಲೇ ಬೊಂಬಾಯಿಯಲ್ಲಿ ಗಾಡಿ ಜೋಡಿಸಲು ಶುರುಮಾಡಿತ್ತು. ಎರಡನೇ ಮಹಾಯುದ್ಧ ಬಂದಾಗ ಪೆಟ್ರೋಲಿಗೆ ರೇಷನ್ ಆಯಿತು. ಆಗ ಬಂದದ್ದೇ ಇದ್ದಿಲು ಬಸ್ಸು. ನಿಮ್ಮ ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜ ಅಜ್ಜಿ ಇದ್ದರೆ ಕೇಳಿ ನೋಡಿ. ಬಸ್ಸಿನ ಹಿಂದೆ ಒಂದು ದೊಡ್ಡ ಡ್ರಮ್ಮು, ಅದರೊಳಗೆ ಇದ್ದಿಲು. ಗಾಳಿ ಕಡಿಮೆ ಬಿಟ್ಟು ಇದ್ದಿಲನ್ನು ಅರೆಬರೆ ಸುಟ್ಟರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದೇ ಗ್ಯಾಸನ್ನು ಎಂಜಿನ್ನಿಗೆ ಕೊಟ್ಟು ಓಡಿಸುತ್ತಿದ್ದರು. ಹೊರಡುವ ಮೊದಲು ಕ್ಲೀನರ್ ಹುಡುಗ ಫ್ಯಾನು ತಿರುಗಿಸಿ ತಿರುಗಿಸಿ ಸುಸ್ತಾಗುತ್ತಿದ್ದ. ಶಕ್ತಿ ತೀರಾ ಕಡಿಮೆ. ಏರಿನಲ್ಲಿ ಗಂಡಸರೆಲ್ಲ ಇಳಿದು ತಳ್ಳಬೇಕು. ಇದ್ದಿಲಿಗೆ ಮಾತ್ರ ಮಲೆನಾಡಿನಲ್ಲಿ ಕೊರತೆ ಇರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೇ ನಮ್ಮ ಕಾಡಿನ ಇದ್ದಿಲಿನಿಂದ ಅದಿರು ಕರಗಿಸಲು ಶುರುಮಾಡಿದ್ದು.

ಅಂದರೆ ಡೀಸೆಲ್ ಬರುವ ಮೊದಲೇ ನಮ್ಮ ಮೇಸ್ತ್ರಿಗಳಿಗೆ ಒಂದು ವಿಷಯ ಗೊತ್ತಾಗಿತ್ತು. ಕಂಪನಿ ಹೇಗೆ ಕಳಿಸಿತೋ ಹಾಗೇ ಗಾಡಿ ಇರಬೇಕೆಂದೇನಿಲ್ಲ.

ಯುದ್ಧ ಮುಗಿಯಿತು. ಅಮೆರಿಕ, ಬ್ರಿಟನ್, ಕೆನಡಾದಿಂದ ಬಂದಿದ್ದ ಸೇನೆಯ ಲಾರಿಗಳು ಡಿಪೋಗಳಲ್ಲಿ ಸಾಲಾಗಿ ನಿಂತವು. ಸರ್ಕಾರ ಅವನ್ನು ಹರಾಜು ಹಾಕಿತು. ಹಳಬರು ಈಗಲೂ "ಡಿಸ್ಪೋಸಲ್ ಲಾರಿ" ಎನ್ನುವುದು ಇದನ್ನೇ. ಹೊಸ ಲಾರಿ ಸಿಗದ ಕಾಲದಲ್ಲಿ ಮರ, ಅಕ್ಕಿ, ಅಡಿಕೆ ಸಾಗಿಸುವವರಿಗೆ ಇವು ವರದಾನವಾದವು. ಚಾಸಿಸ್ ಗಟ್ಟಿ, ಹೌಸಿಂಗ್ ಗಟ್ಟಿ. ತೊಂದರೆ ಇದ್ದದ್ದು ಎಂಜಿನ್ನಿನಲ್ಲಿ.

ಆ ಶೆವರ್ಲೆಯ ಆರು ಸಿಲಿಂಡರ್ ಎಂಜಿನ್ ಕೆಟ್ಟದ್ದೇನಲ್ಲ. ಆದರೆ ಅದರ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಕರಗಿಸಿ ಎರಕ ಹೊಯ್ದ ಬಿಳಿ ಲೋಹದವು. ಅವಕ್ಕೆ ಆಯಿಲ್ ಹೋಗುತ್ತಿದ್ದದ್ದು ಬಹುಪಾಲು ರಾಡಿನ ಬುಡದ ಸಣ್ಣ ಸೌಟಿನಂಥ ತುಂಡು ಆಯಿಲನ್ನು ಬಾಚಿಕೊಳ್ಳುವುದರಿಂದ. ಹಗುರ ಲೋಡಿಗೆ, ಸಪಾಟು ರಸ್ತೆಗೆ ಅದು ಸಾಕು. ಮರದ ದಿಮ್ಮಿ ಹೇರಿಕೊಂಡು ಘಾಟಿ ಹತ್ತಿದರೆ ಬೇರಿಂಗ್ ಕರಗುತ್ತಿತ್ತು. ಫೋರ್ಡಿನ ವಿ-8 ಎಂಜಿನ್ನಿಗೆ ಬಿಸಿಯಾಗುವ ರೋಗ. ಎರಡಕ್ಕೂ ಪೆಟ್ರೋಲ್ ಕುಡಿಯುವ ಚಟ.

ಇದಕ್ಕೆ ಮದ್ದು ಇಂಗ್ಲೆಂಡಿನಲ್ಲಿ ಮೊದಲೇ ತಯಾರಾಗಿತ್ತು. ಪೀಟರ್‌ಬರೋ ಎಂಬ ಊರಿನಲ್ಲಿ 1932ರಲ್ಲಿ ಫ್ರಾಂಕ್ ಪರ್ಕಿನ್ಸ್ ಎಂಬಾತ, ಚಾರ್ಲ್ಸ್ ಚಾಪ್‌ಮನ್ ಎಂಬ ಎಂಜಿನಿಯರನ ಜೊತೆ ಕಂಪನಿ ಕಟ್ಟಿದ. ಆಗಿನ ಡೀಸೆಲ್ ಎಂಜಿನ್ನುಗಳು ಆನೆ ಗಾತ್ರದವು, ನಿಧಾನ ತಿರುಗುವವು. ಪೆಟ್ರೋಲ್ ಎಂಜಿನ್ ಇದ್ದ ಜಾಗದಲ್ಲೇ ಕೂರುವಷ್ಟು ಚಿಕ್ಕದಾದ, ಬೇಗ ತಿರುಗುವ ಡೀಸೆಲ್ ಮಾಡುವುದು ಇವರ ಗುರಿ. 1937ರಲ್ಲಿ ಬಂದ ಪಿ-6 ಎಂಬ ಆರು ಸಿಲಿಂಡರ್ ಎಂಜಿನ್ 4.73 ಲೀಟರಿನದು, ಸುಮಾರು 80 ಅಶ್ವಶಕ್ತಿಯದು. ಓಡುತ್ತಿರುವ ಪೆಟ್ರೋಲ್ ಲಾರಿಗಳಿಗೆ ಬದಲಿಯಾಗಿ ಕೂರಿಸಲೆಂದೇ ಅದನ್ನು ಮಾರುತ್ತಿದ್ದರು.

ಪಂಪ್‌ಸೆಟ್ ಇಟ್ಟವರಿಗೆ ಡೀಸೆಲ್ ಎಂಜಿನ್ ಹೇಗೆ ಓಡುತ್ತದೆ ಎಂದು ಹೇಳಬೇಕಾಗಿಲ್ಲ. ಪ್ಲಗ್ಗಿಲ್ಲ, ಕಿಡಿಯಿಲ್ಲ. ಗಾಳಿಯನ್ನು ಹದಿನಾರು ಪಾಲಿಗೂ ಮೀರಿ ಅದುಮಿದರೆ ಅದು ಕಾದು ಕೆಂಡವಾಗುತ್ತದೆ. ಆಗ ನಾಝಲ್‌ನಿಂದ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ.

ನಮಗೆ ಇಲ್ಲಿ ಕುತೂಹಲ ಹುಟ್ಟಿಸಿದ್ದು 1950ರ ದಶಕ. ಮದರಾಸಿನ ಸಿಂಪ್ಸನ್ ಕಂಪನಿ 1840ರಲ್ಲಿ ಸಾರೋಟು ಮಾಡುವ ಅಂಗಡಿಯಾಗಿ ಶುರುವಾದದ್ದು. ಅದು ಈ ದಶಕದಲ್ಲಿ ಪರ್ಕಿನ್ಸ್ ಎಂಜಿನ್ನನ್ನು ಮದರಾಸಿನ ಸೆಂಬಿಯಂನಲ್ಲಿ ತಯಾರಿಸತೊಡಗಿತು. ಬೆಂಗಳೂರಿನ ಆಡುಗೋಡಿಯಲ್ಲಿ 1951ರಲ್ಲಿ ಹುಟ್ಟಿದ ಮೈಕೋ, ಜರ್ಮನಿಯ ಬಾಷ್ ಕಂಪನಿಯ ಸಹಾಯದಿಂದ ಡೀಸೆಲ್ ಪಂಪು, ನಾಝಲ್ ಮಾಡಲು ಶುರುಮಾಡಿತು. 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ-ಬೆಂಝ್ ಲಾರಿ ಹೊರಬಂತು. ಅದರ ಜೊತೆ ಡೀಸೆಲ್ ಪಂಪು ಬಿಚ್ಚಿ ಜೋಡಿಸಬಲ್ಲ ಹುಡುಗರೂ ಊರೂರಲ್ಲಿ ತಯಾರಾದರು. ಇದೆಲ್ಲಕ್ಕಿಂತ ಮೊದಲೇ, 1941ರಿಂದ, ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಮಶೀನು ಮಾಡುತ್ತಿತ್ತು. ಎಂಜಿನ್ನು ಮದರಾಸಿನದು, ಪಂಪಿನ ಕೈಚಳಕ ಬೆಂಗಳೂರಿನದು, ಲೇತು ಹರಿಹರದ್ದು. ಇವು ಮೂರೂ ಒಂದು ದಿನದ ಪ್ರಯಾಣದೊಳಗೆ ಸಿಗುವಂತಾದ ಮೇಲೆ ಹಳ್ಳಿಯ ಅಂಗಳದಲ್ಲಿ ಲಾರಿಯ ಹೊಟ್ಟೆ ಬಿಚ್ಚುವ ಧೈರ್ಯ ಬಂದದ್ದು ಆಶ್ಚರ್ಯವಲ್ಲ.

ಶೆವರ್ಲೆ ಲಾರಿಯ ಕೆಲಸ ನಡೆದಾಗ ಸಹಾಯಕ್ಕಿದ್ದ ಹುಡುಗ ಈಗ ಎಂಬತ್ತು ದಾಟಿದ ಮೇಸ್ತ್ರಿ. ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಹಲಸಿನ ಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಹಳೆ ಎಂಜಿನ್ ಎತ್ತಿದರಂತೆ. ಅದು ಅರ್ಧ ದಿನದ ಕೆಲಸ. ಹೊಸದು, ಅಂದರೆ ಬೇರೊಂದು ಲಾರಿಯಿಂದ ಬಂದ ಪಿ-6, ಕೂರಿಸಲು ಒಂದೂವರೆ ತಿಂಗಳು.

"ಎಂಜಿನ್ ಕೂರ್ಸೋದು ದೊಡ್ಡ ವಿಷಯ ಅಲ್ಲ ಮಾರಾಯ. ಸೆಂಟರ್ ಹಿಡಿಯೋದೇ ವಿಷಯ."

ವಿಷಯ ಇಷ್ಟು. ಗೇರ್‌ಬಾಕ್ಸ್ ಶೆವರ್ಲೆಯದು, ಎಂಜಿನ್ ಪರ್ಕಿನ್ಸ್. ಒಂದರ ಬೋಲ್ಟಿನ ತೂತು ಇನ್ನೊಂದಕ್ಕೆ ಕೂಡುವುದಿಲ್ಲ. ನಡುವೆ ದಪ್ಪ ಕಬ್ಬಿಣದ ಪ್ಲೇಟು ಬೇಕು. ಮೊದಲು ರಟ್ಟಿಗೆ ಆಯಿಲ್ ಸವರಿ ಗೇರ್‌ಬಾಕ್ಸಿನ ಮುಖಕ್ಕೆ ಒತ್ತಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಅಚ್ಚು ತೆಗೆಯುವುದು. ಎಂಜಿನ್ ಕಡೆಯದೂ ಹಾಗೆಯೇ. ಎರಡು ಅಚ್ಚನ್ನೂ ಒಂದೇ ಪ್ಲೇಟಿನ ಮೇಲೆ ಗುರುತು ಹಾಕಿ, ಗ್ಯಾಸ್ ಕಟಿಂಗ್ ಮಾಡಿ, ಲೇತಿನಲ್ಲಿ ಮುಖ ಸಮ ಮಾಡಿಸುವುದು. ಗೇರ್‌ಬಾಕ್ಸಿನಿಂದ ಮುಂದಕ್ಕೆ ಚಾಚಿದ ಶಾಫ್ಟಿನ ತುದಿ, ಫ್ಲೈವೀಲಿನ ನಡುವೆ ಇರುವ ಸಣ್ಣ ಬೇರಿಂಗಿನಲ್ಲಿ ಸರಿಯಾಗಿ ಕೂರಬೇಕು. ಕೂದಲೆಳೆ ಆಚೀಚೆಯಾದರೂ ಬೇರಿಂಗ್ ಕೂಗುತ್ತದೆ, ಕ್ಲಚ್ ಅದುರುತ್ತದೆ, ಗೇರು ತಾನಾಗಿ ಜಾರುತ್ತದೆ.

ಡಯಲ್ ಗೇಜ್ ಅವರ ಬಳಿ ಇರಲಿಲ್ಲ. ಫ್ಲೈವೀಲಿಗೆ ಒಂದು ಗಟ್ಟಿ ತಂತಿ ಕಟ್ಟಿ, ಅದರ ತುದಿ ಪ್ಲೇಟಿನ ದೊಡ್ಡ ತೂತಿನ ಅಂಚಿಗೆ ತಾಗುವ ಹಾಗೆ ಬಗ್ಗಿಸಿ, ಕೈಯಲ್ಲಿ ಫ್ಲೈವೀಲ್ ತಿರುಗಿಸುತ್ತಿದ್ದರು. ತಂತಿ ಸುತ್ತಲೂ ಒಂದೇ ಸಮ ಸವರಿಕೊಂಡು ಹೋದರೆ ಸೆಂಟರ್ ಸಿಕ್ಕಿತು. ಒಂದು ಕಡೆ ತಾಗಿ ಇನ್ನೊಂದು ಕಡೆ ಸಂದು ಬಿಟ್ಟರೆ ಮತ್ತೆ ಬಿಚ್ಚು. ಹದಿನೇಳು ಸಲ ಬಿಚ್ಚಿದ ನೆನಪು ಮೇಸ್ತ್ರಿಗೆ. ನಾವು ಇದನ್ನು ಇಂದಿನ ಒಬ್ಬ ಐಟಿಐ ಶಿಕ್ಷಕರಿಗೆ ಹೇಳಿದಾಗ ಅವರು ನಗಲಿಲ್ಲ. ಗೇಜ್ ಮಾಡುವುದೂ ಅದನ್ನೇ ಎಂದರು.

ಸೆಂಟರ್ ಸಿಕ್ಕಿದ ಮೇಲೂ ಕೆಲಸ ಮುಗಿಯಲಿಲ್ಲ. ಆಯಿಲ್ ಸಂಪ್ ಮುಂದಿನ ಆಕ್ಸಲ್‌ಗೆ ತಾಗಿತು. ಕತ್ತರಿಸಿ ವೆಲ್ಡಿಂಗ್ ಮಾಡಿಸಿದರು. ರೇಡಿಯೇಟರ್ ಮುಂದೆ ಸರಿಯಿತು. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಮೂತಿ ಕುಸಿಯಿತು, ಬ್ಲೇಡ್ ಸೆಟ್ಟಿಗೆ ಎರಡು ಬ್ಲೇಡು ಹೆಚ್ಚು ಹಾಕಿದರು. ಹಳೆಯ ಆರು ವೋಲ್ಟಿನ ಬ್ಯಾಟರಿ ಆ ಎಂಜಿನ್ ತಿರುಗಿಸಲಾರದು, ಹನ್ನೆರಡು ವೋಲ್ಟು ಬಂತು, ಬಲ್ಬುಗಳೆಲ್ಲ ಬದಲಾದವು. ಮೊದಲ ದಿನ ಸ್ಟಾರ್ಟ್ ಆದಾಗ ಡ್ರೈವರ್ ಕೀ ತಿರುಗಿಸಿ ಆಫ್ ಮಾಡಿದರೆ ಎಂಜಿನ್ ನಿಲ್ಲಲಿಲ್ಲ! ಕಿಡಿಯೇ ಇಲ್ಲದ ಎಂಜಿನ್ನಿಗೆ ಕರೆಂಟು ಕಿತ್ತರೇನು? ಡೀಸೆಲ್ ಕಟ್ ಮಾಡಲು ಪಂಪಿಗೊಂದು ತಂತಿ ಎಳೆದು ಕ್ಯಾಬಿನ್ನಿಗೆ ತರಬೇಕಿತ್ತು. ಅದು ಮರೆತುಹೋಗಿತ್ತು.

ಇನ್ನೊಂದು ಮರೆವು ಜೀವಕ್ಕೇ ಬರುವಂಥದ್ದು. ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ಬಾಗಿಲು ಅರ್ಧ ಮುಚ್ಚಿಕೊಂಡೇ ಎಳೆಯುತ್ತದೆ. ಹಾಗಾಗಿ ಒಳಗೆ ಬಲವಾದ ಸೆಳೆತ, ಅಂದರೆ ವ್ಯಾಕ್ಯೂಮ್, ಇರುತ್ತದೆ. ಆ ಲಾರಿಗಳ ಬ್ರೇಕಿಗೆ ಬಲ ಕೊಡುತ್ತಿದ್ದದ್ದು ಆ ಸೆಳೆತವೇ. ಡೀಸೆಲ್ ಎಂಜಿನ್ ಬಾಗಿಲು ತೆರೆದು ಗಾಳಿ ಕುಡಿಯುತ್ತದೆ, ಬ್ರೇಕಿಗೆ ಸಾಲುವಷ್ಟು ಸೆಳೆತ ಅಲ್ಲಿರುವುದಿಲ್ಲ. ಅದಕ್ಕೆ ಬೇರೆಯೇ ವ್ಯಾಕ್ಯೂಮ್ ಪಂಪ್ ಇಡಬೇಕು. ಇವರು ಇಟ್ಟಿರಲಿಲ್ಲ. ಊರಿನ ಸಪಾಟು ರಸ್ತೆಯಲ್ಲಿ ಖಾಲಿ ಲಾರಿ ಓಡಿಸಿ ನೋಡಿದಾಗ ಪೆಡಲ್ ಸ್ವಲ್ಪ ಗಟ್ಟಿ ಅನ್ನಿಸಿತಷ್ಟೇ.

ಮೊದಲ ಲೋಡು ಆಗುಂಬೆ ಇಳಿಯಬೇಕಿತ್ತು. ಮೂರನೇ ತಿರುವಿನಲ್ಲಿ ಡ್ರೈವರ್ ಎದ್ದು ನಿಂತು ಪೆಡಲ್ ತುಳಿದ. ಗಾಡಿ ನಿಲ್ಲಲಿಲ್ಲ. ಮೊದಲನೇ ಗೇರಿನಲ್ಲಿದ್ದ ಕಾರಣ ಓಟ ಮಾತ್ರ ಕಿತ್ತುಕೊಳ್ಳಲಿಲ್ಲ. ಆಗ ಹುಡುಗನಾಗಿದ್ದ ನಮ್ಮ ಮೇಸ್ತ್ರಿ ಕೆಳಗೆ ಹಾರಿ, ಗಾಲಿಗೆ ಕೊಡುವ ಮರದ ದಿಮ್ಮಿಯನ್ನು ಹಿಂದಿನ ಗಾಲಿಯ ಮುಂದೆ ಎಸೆದರು. ಎರಡನೇ ದಿಮ್ಮಿಗೆ ನಿಂತಿತು. "ಬಲಗೈ ಹೆಬ್ಬೆರಳು ಅವತ್ತು ಹೋದದ್ದು" ಎಂದು ಕೈ ಮುಂದೆ ಮಾಡಿ ತೋರಿಸಿದರು. ಆಮೇಲೆ ಮಾಡಿದ ಒಂದೊಂದು ಗಾಡಿಗೂ ಬ್ರೇಕಿನ ಕೆಲಸ ಮೊದಲು, ಎಂಜಿನ್ ಆಮೇಲೆ ಅಂತೆ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ವೇಗವಂತೂ ಇಲ್ಲ. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3,300 ಸುತ್ತಿನವರೆಗೆ ತಿರುಗುತ್ತಿತ್ತು, ಪಿ-6 ತಿರುಗುವುದು 2,400ರ ಆಸುಪಾಸು. ಹಿಂದಿನ ಕ್ರೌನ್-ಪಿನಿಯನ್ ಅದೇ ಇದ್ದರೆ ಟಾಪ್ ಸ್ಪೀಡ್ ಕಾಲು ಭಾಗಕ್ಕೂ ಹೆಚ್ಚು ಇಳಿಯುತ್ತದೆ. ಆದರೆ ಕೆಳ ಸುತ್ತಿನಲ್ಲೇ ಎಳೆಯುವ ಬಲ ಬಂತು, ಬೇರಿಂಗ್ ಕರಗುವುದು ನಿಂತಿತು. ಡೀಸೆಲ್ ಪೆಟ್ರೋಲಿಗಿಂತ ಅಗ್ಗ, ಒಂದು ಗ್ಯಾಲನ್ನಿಗೆ ಓಡುವ ದೂರವೂ ಹೆಚ್ಚು. ಗುಜರಿಗೆ ಹೋಗಬೇಕಿದ್ದ ಲಾರಿ ಮತ್ತೆ ಇಪ್ಪತ್ತು ವರ್ಷ ದುಡಿಯಿತು. ಆ ಮನೆಯ ಇಬ್ಬರು ಹೆಣ್ಣುಮಕ್ಕಳ ಮದುವೆ, ತೋಟದ ಎರಡು ಎಕರೆ, ಎಲ್ಲ ಅದರ ದುಡ್ಡು ಎಂದು ಮನೆಯವರೇ ಹೇಳುತ್ತಾರೆ.

ಲಾರಿಯಲ್ಲಿ ಕಲಿತ ವಿದ್ಯೆ ಆಮೇಲೆ ಜೀಪಿಗೆ ಬಂತು. 1973ರ ಕೊನೆಯಲ್ಲಿ ಅರಬ್ ದೇಶಗಳು ತೈಲ ತಡೆದಾಗ ಮೂರು ಡಾಲರಿನ ಆಸುಪಾಸಿದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ ಹನ್ನೊಂದು ಡಾಲರ್ ದಾಟಿತು. ಪೆಟ್ರೋಲ್ ವಿಲ್ಲೀಸ್ ಜೀಪು ಇಟ್ಟಿದ್ದ ಮಲೆನಾಡು, ಕೊಡಗಿನ ತೋಟದವರು ಕಂಗಾಲಾದರು. ಮುಂದೆ ಮಹೀಂದ್ರ ಕಂಪನಿ ಫ್ರಾನ್ಸಿನ ಪ್ಯೂಜೋ ಡೀಸೆಲ್ ಎಂಜಿನ್ ಮಾಡತೊಡಗಿದ ಮೇಲೆ ದಾರಿ ಸುಲಭವಾಯಿತು. ಎಕ್ಸ್‌ಡಿಪಿ 4.90 ಎಂದರೆ ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರು ಎಂದರ್ಥ. ಬೆಂಗಳೂರಿನ ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಗಳಿಂದ ಎಂಜಿನ್ ತಂದು ಊರಲ್ಲಿ ಕೂರಿಸಿದವರು ನಮ್ಮ ಕಡೆಯೇ ಎಷ್ಟೋ ಮಂದಿ. ಈಗ ಘಾಟಿಗಳಲ್ಲಿ ಪ್ರವಾಸಿಗರನ್ನು ಹೊತ್ತು ಏರುವ ಹಳೆ ಜೀಪುಗಳ ಬಾನೆಟ್ ಎತ್ತಿಸಿ ನೋಡಿ. ಕಂಪನಿ ಕೊಟ್ಟ ಎಂಜಿನ್ನೇ ಇರುವುದು ಅಪರೂಪ.

ಇನ್ನು ಮನೆಯವರ ಪ್ರಶ್ನೆಗೆ ಬರೋಣ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ಗಾಡಿಗಳಿಗೆ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಬಾಡಿಗೆಗೆ ಓಡಿಸದ ಸ್ವಂತ ಬಳಕೆಯ ದ್ವಿಚಕ್ರ ಅಥವಾ ನಾಲ್ಕು ಚಕ್ರದ ಗಾಡಿಯಾಗಿರಬೇಕು, ಮೂಲ ರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಬಾಡಿಗೆಗೆ ದುಡಿದ ಲಾರಿ ಇದರೊಳಗೆ ಬರುವುದಿಲ್ಲ. ಪಕ್ಕದ ಮನೆಯ ವಿಲ್ಲೀಸ್ ಜೀಪು ಬರಬಹುದಿತ್ತು, ಆದರೆ ಅದರ ಎಂಜಿನ್ ಪ್ಯೂಜೋ.

ನಿಯಮ ತಪ್ಪು ಎಂದು ನಾವು ಹೇಳುತ್ತಿಲ್ಲ. ಬ್ರೇಕಿನ ಕಥೆ ಕೇಳಿದ ಮೇಲೆ, ಕಂಡಕಂಡವರು ಎಂಜಿನ್ ಬದಲಿಸುವುದಕ್ಕೆ ಕಡಿವಾಣ ಬೇಕು ಎಂದೇ ನಮಗೂ ಅನ್ನಿಸುತ್ತದೆ. ಆದರೆ ಪಟ್ಟಣದ ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಮಲಗಿದ್ದ ಕಾರು ಚರಿತ್ರೆಯಾಗಿ, ಐವತ್ತು ವರ್ಷ ದುಡಿದು ಎಂಜಿನ್ ಬದಲಿಸಿಕೊಂಡ ನಮ್ಮ ಗಾಡಿ ಗುಜರಿಯಾಗುವ ಲೆಕ್ಕ ಮಾತ್ರ ಒಪ್ಪಿಗೆಯಾಗುವುದಿಲ್ಲ. ಆ ಪ್ಲೇಟಿನಲ್ಲಿ, ಆ ವೆಲ್ಡಿಂಗಿನಲ್ಲಿ ಇರುವುದೂ ಚರಿತ್ರೆಯೇ ತಾನೆ.

ಮನೆಯವರಿಗೆ ಇದನ್ನೇ ಹೇಳಿದೆವು. ಲಾರಿ ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು, ಇನ್ನೂ ತೀರ್ಮಾನ ಆಗಿಲ್ಲ. ಮೇಸ್ತ್ರಿಯ ಶೆಡ್ಡಿನ ಗೋಡೆಯಲ್ಲಿ ಮೊಳೆಗೆ ಸಿಕ್ಕಿಸಿದ ರಟ್ಟಿನ ಅಚ್ಚುಗಳು ಇನ್ನೂ ಇವೆ. ಇಲಿ ತಿಂದು ಉಳಿದದ್ದು ನಾಲ್ಕು. ಒಂದರ ಮೇಲೆ ಪೆನ್ಸಿಲ್ಲಿನಲ್ಲಿ "ಶೆವರ್ಲೆ-ಪರ್ಕಿ" ಎಂದು ಬರೆದಿದೆ. ನಾಲ್ಕರದ್ದೂ ಫೋಟೋ ತೆಗೆದುಕೊಂಡು ಬಂದೆವು. ನಿಮ್ಮೂರಿನಲ್ಲೂ ಇಂಥ ಗಾಡಿ ಇದ್ದರೆ, ಗುಜರಿಯವರಿಗೆ ಕೊಡುವ ಮುಂಚೆ ಎಂಜಿನ್ನಿನ ನಂಬರ್ ಪ್ಲೇಟು, ಗೇರ್‌ಬಾಕ್ಸಿನ ಜೋಡಣೆ, ಆರ್‌ಸಿ ಪುಸ್ತಕದ ಕೆಂಪು ಶಾಯಿಯ ಪುಟ, ಇಷ್ಟನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಕೂರಿಸಿದವರ ಹೆಸರು ಗೊತ್ತಿದ್ದರೆ ಅದನ್ನೂ ಬರೆದಿಡಿ.