ವೈದ್ಯಕೀಯ ಮಾಹಿತಿಯ ಹೊರೆ

ವೈದ್ಯಕೀಯ ಮಾಹಿತಿಯ ಹೊರೆ ಎಂದರೆ ವೈದ್ಯರೂ ದಾದಿಯರೂ ಓದಿ ಅರಗಿಸಿಕೊಳ್ಳಲಾಗದಷ್ಟು ಸಂಶೋಧನಾ ಬರಹ ಹೊರಬಂದು, ರೋಗಿಯ ಮುಂದೆ ಕುಳಿತಾಗ ಬೇಕಾದ ಸಂಗತಿಯೇ ಕೈಗೆ ಸಿಗದ ಸ್ಥಿತಿ. ಇದು ಇಂಟರ್ನೆಟ್ ತಂದಿಟ್ಟ ತೊಂದರೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಇದಕ್ಕೆ ಪರಿಹಾರ ಹುಡುಕುವ ಕೆಲಸ 19ನೆಯ ಶತಮಾನದಲ್ಲೇ ಶುರುವಾಗಿತ್ತು.

ಅಮೆರಿಕದ ಅಂತರ್ಯುದ್ಧ ಮುಗಿದ 1865ರಲ್ಲಿ ಸೇನಾ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್ ವಾಷಿಂಗ್ಟನ್ನಿನ ಸರ್ಜನ್ ಜನರಲ್ ಕಚೇರಿಯ ಗ್ರಂಥಾಲಯದ ಹೊಣೆ ಹೊತ್ತರು. ಪುಸ್ತಕಗಳನ್ನಷ್ಟೇ ಅಲ್ಲ, ಪತ್ರಿಕೆಗಳ ಲೇಖನಗಳನ್ನೂ ವಿಷಯವಾರು ಪಟ್ಟಿ ಮಾಡಿಸಿದ್ದು ಅವರ ಹೆಚ್ಚುಗಾರಿಕೆ. ರಾಬರ್ಟ್ ಫ್ಲೆಚರ್ ಜೊತೆ ಸೇರಿ ಅವರು 1879ರಲ್ಲಿ 'ಇಂಡೆಕ್ಸ್ ಮೆಡಿಕಸ್' ಎಂಬ ಮಾಸಿಕ ಸೂಚಿ ಆರಂಭಿಸಿದರು. 1899ರಲ್ಲಿ ನಿಂತುಹೋದ ಅದು ಕಾರ್ನೆಗಿ ಸಂಸ್ಥೆಯ ನೆರವಿನಿಂದ 1903ರಲ್ಲಿ ಮತ್ತೆ ಹೊರಬಂತು. 1964ರಲ್ಲಿ ಮೆಡ್ಲಾರ್ಸ್ ಹೆಸರಿನಲ್ಲಿ ಈ ಕೆಲಸ ಕಂಪ್ಯೂಟರಿಗೆ ಏರಿತು. 1971ರಲ್ಲಿ ಬಂದ ಅದರ ಆನ್‌ಲೈನ್ ರೂಪ ಮೆಡ್‌ಲೈನ್ ದೂರದಿಂದಲೇ ಹುಡುಕುವ ಅನುಕೂಲ ಕೊಟ್ಟಿತು. 1997ರಲ್ಲಿ ಅದನ್ನು ಇಂಟರ್ನೆಟ್ಟಿನಲ್ಲಿ ಹುಡುಕುವ ತಾಣ ಪಬ್‌ಮೆಡ್ ಎಲ್ಲರಿಗೂ ಉಚಿತವಾಯಿತು. 2004ರ ಕೊನೆಗೆ ಇಂಡೆಕ್ಸ್ ಮೆಡಿಕಸ್‌ನ ಮುದ್ರಣ ನಿಂತಿತು.

ಹುಡುಕಾಟ ಸುಲಭವಾದಷ್ಟೂ ಸಿಗುವ ರಾಶಿ ಬೆಳೆಯಿತು. ಲೇಖನ ಎಲ್ಲಿದೆ ಎಂದು ಸೂಚಿ ಹೇಳೀತು. ಅದನ್ನು ನಂಬಬಹುದೇ ಎಂದು ಹೇಳದು. ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ 1979ರಲ್ಲಿ ತಮ್ಮ ವೃತ್ತಿಬಾಂಧವರನ್ನು ತರಾಟೆಗೆ ತೆಗೆದುಕೊಂಡದ್ದು ಇದಕ್ಕೇ: ಪ್ರಯೋಗಗಳ ಫಲಿತಾಂಶಗಳನ್ನು ವಿಭಾಗವಾರು ತೂಗಿ, ಸಾರಾಂಶ ಮಾಡಿ, ಆಗಾಗ ಪರಿಷ್ಕರಿಸುವ ಏರ್ಪಾಡೇ ಇಲ್ಲವೆಂಬುದು ಅವರ ದೂರು.

ಆ ಮಾತು ಎಷ್ಟು ಸರಿ ಎಂಬುದಕ್ಕೆ ದಿನ ತುಂಬದೆ ಹುಟ್ಟುವ ಮಕ್ಕಳ ಪ್ರಕರಣವೇ ಸಾಕ್ಷಿ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರು. ಅವಧಿಗೆ ಮುನ್ನ ಹೆರಿಗೆಯಾಗಲಿರುವ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ, ಸಾವು ತಗ್ಗುತ್ತದೆ. ಆಮೇಲೆ ಇನ್ನೂ ಹಲವು ಪ್ರಯೋಗಗಳು ನಡೆದವು. ಬಿಡಿಬಿಡಿಯಾಗಿ ನೋಡಿದರೆ ಬಹುಪಾಲು ಚಿಕ್ಕವು, ಖಚಿತ ಉತ್ತರ ಕೊಡದವು. ಅವೆಲ್ಲವನ್ನೂ ಒಟ್ಟುಗೂಡಿಸಿದ ವಿಮರ್ಶೆ ಬಂದದ್ದು 1980ರ ದಶಕದ ಕೊನೆಗೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಿದ್ದು 1994ರಲ್ಲಿ. ಔಷಧಿ ಅಗ್ಗದ್ದು, ಆಸ್ಪತ್ರೆಯ ಕಪಾಟಿನಲ್ಲೇ ಇತ್ತು. ಇಂಥ ವಿಮರ್ಶೆಗಳಿಗಾಗಿ ಆರ್ಚಿ ಕಾಕ್ರೇನ್ ಹೆಸರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಕಾಕ್ರೇನ್ ಸಂಸ್ಥೆ ಈ ಪ್ರಯೋಗಗಳನ್ನೇ ಲಾಂಛನ ಮಾಡಿಕೊಂಡಿತು. ಅದರ ಅಡ್ಡಗೆರೆಗಳು ಒಂದೊಂದು ಪ್ರಯೋಗದ ಫಲಿತಾಂಶ; ಪರಿಣಾಮವಿಲ್ಲ ಎಂಬುದನ್ನು ಸೂಚಿಸುವ ನಡುವಿನ ನೆಟ್ಟಗೆರೆಯನ್ನು ಮುಟ್ಟದೆ ಕೆಳಗೆ ನಿಂತ ವಜ್ರಾಕೃತಿ ಒಟ್ಟು ತೀರ್ಪು.

ವಿಮರ್ಶೆಗಳೂ ಈಗ ರಾಶಿಬಿದ್ದಿವೆ. 2010ರ ಒಂದು ಅಂದಾಜಿನಂತೆ ದಿನಕ್ಕೆ 75 ಪ್ರಯೋಗಗಳೂ 11 ವ್ಯವಸ್ಥಿತ ವಿಮರ್ಶೆಗಳೂ ಪ್ರಕಟವಾಗುತ್ತಿದ್ದವು. ಭಾರತದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಕಾಕ್ರೇನ್ ಕೆಲಸದ ನೆಲೆಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ದೇಶದ ಪರವಾಗಿ ಚಂದಾ ಕಟ್ಟಿ ಆ ಸಂಸ್ಥೆಯ ವಿಮರ್ಶೆಗಳ ಸಂಗ್ರಹವಾದ ಕಾಕ್ರೇನ್ ಲೈಬ್ರರಿಯನ್ನು ಇಲ್ಲಿನ ಓದುಗರಿಗೆ ಉಚಿತವಾಗಿಸಿತು.

ಹೊರೆ ಈಗ ಲೇಖನಗಳಿಂದಷ್ಟೇ ಬರುತ್ತಿಲ್ಲ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಔಷಧಿ ಬರೆಯುವಾಗ ಪರದೆಯ ಮೇಲೆ ಮೇಲಿಂದ ಮೇಲೆ ಎಚ್ಚರಿಕೆ ಮೂಡುತ್ತದೆ. 2006ರ ಒಂದು ಸಮೀಕ್ಷಾ ಲೇಖನದ ಪ್ರಕಾರ ಇಂಥ ಎಚ್ಚರಿಕೆಗಳಲ್ಲಿ ಶೇ. 49ರಿಂದ 96ರಷ್ಟನ್ನು ವೈದ್ಯರು ಬದಿಗೆ ಸರಿಸಿ ಮುಂದೆ ಹೋಗುತ್ತಿದ್ದರು. ಸಣ್ಣಪುಟ್ಟ ಎಚ್ಚರಿಕೆಗಳನ್ನು ತೆಗೆದುಹಾಕದೆ ಹೊಸದನ್ನೇ ಸೇರಿಸುತ್ತ ಹೋಗುವ ತಂತ್ರಾಂಶ ರೋಗಿಯನ್ನು ಕಾಯುವುದಿಲ್ಲ.